ಮುತ್ಯಾ ಕೊಡುತ್ತೇನೆಂದ ಸೈಕಲ್

ಮಗಳ ಏಳನೇ ತರಗತಿಯ ಪರೀಕ್ಷೆ ಮುಗಿದ ಮರುದಿನದಿಂದಲೇ ನಮ್ಮ ಮನೆಯಲ್ಲಿ ಮೊಬೈಲಿನ ಜಗಳ ಶುರುವಾಗಿತ್ತು. ನಾನು ಕಲಬುರಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಗಂಡನಿಗೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ. ಐವಾನ್-ಎ-ಶಾಹಿ ಅತಿಥಿಗೃಹದ ಹತ್ತಿರ ನಮ್ಮದು ಮೇಲಂತಸ್ತಿನ ಬಾಡಿಗೆ ಮನೆ. ಏಪ್ರಿಲ್ ಬಂತೆಂದರೆ ಮಧ್ಯಾಹ್ನ ನಲ್ಲಿಯ ನೀರು ಕೈ ಸುಡುತ್ತದೆ. ಆ ಬಿಸಿಲಲ್ಲಿ ಹುಡುಗಿ ಪರದೆ ಎಳೆದುಕೊಂಡು ಕೂಲರ್ ಮುಂದೆ ಮಲಗಿದರೆ ಸಂಜೆಯವರೆಗೂ ಮೊಬೈಲ್ ಕೈಬಿಡುತ್ತಿರಲಿಲ್ಲ. ನಾನು ಬಂದು ಕಸಿದುಕೊಳ್ಳುವುದು, ಅವಳು ಅಳುವುದು, ಊಟದ ಹೊತ್ತಿಗೆ ಇಬ್ಬರೂ ಮುಖ ತಿರುಗಿಸಿಕೊಂಡು ಕೂರುವುದು.

ಆಗಲೇ ಕಮಲಾಪುರದಿಂದ ಮಾವ ಫೋನ್ ಮಾಡಿದರು. ಅಲ್ಲಿ ಅತ್ತೆ, ಮಾವ, ನನ್ನ ಗಂಡನ ಅಣ್ಣನ ಸಂಸಾರ ಎಲ್ಲರೂ ಒಂದೇ ಮನೆಯಲ್ಲಿದ್ದಾರೆ. ಕೆಂಪು ಬಾಳೆಯ ತೋಟವಿದೆ, ತೊಗರಿಯ ಹೊಲವಿದೆ, ಬಸ್ ನಿಲ್ದಾಣದ ಹತ್ತಿರ ಭಾವನ ಗೊಬ್ಬರದ ಅಂಗಡಿಯಿದೆ. ಮಾವ ತಹಶೀಲ್ ಕಚೇರಿಯಿಂದ ನಿವೃತ್ತರಾದವರು. ಓದುವ ಹುಚ್ಚಿನ ಮನುಷ್ಯ. ಶರಣರ ಚರಿತ್ರೆ, ನಿಜಾಮನ ಕಾಲದ ಇತಿಹಾಸ, ಪತ್ತೇದಾರಿ ಕಾದಂಬರಿ, ಯಾವುದನ್ನೂ ಬೇಡವೆಂದವರಲ್ಲ. ಸಕ್ಕರೆ ಕಾಯಿಲೆ ಕಣ್ಣಿಗಿಳಿದ ಮೇಲೆ ಅಕ್ಷರಗಳು ಕಲಸಿಹೋಗಿ, ಟ್ರಂಕಿನ ತುಂಬ ಪುಸ್ತಕವಿದ್ದೂ ಸುಮ್ಮನೆ ಕೂರುವಂತಾಗಿತ್ತು. ಭಾವನ ಮಗನನ್ನು ಓದಲು ಕೂರಿಸಿದರೆ ಅವನು ಎರಡು ಸಾಲಿಗೇ ಹೊಟ್ಟೆನೋವೆಂದು ಎದ್ದು ಓಡುತ್ತಿದ್ದ.

"ಮೊಮ್ಮಗಳಿಗಿ ಇಲ್ಲಿ ಕಳಸು ಯವ್ವಾ. ನನಗ ಓದಿ ಹೇಳ್ಲಿ. ಸುಮ್ಮ ಬ್ಯಾಡ, ಇನಾಮು ಕೊಡ್ತೀನಿ," ಎಂದರು.

ಮಗಳು ನನ್ನ ಕೈಯಿಂದ ಫೋನ್ ತೆಗೆದುಕೊಂಡು ಅಜ್ಜನನ್ನೇ ನೇರವಾಗಿ ಕೇಳಿದಳು: "ಮುತ್ಯಾ, ಸೈಕಲ್ ಕೊಡಸ್ತೀ?"

"ಟ್ರಂಕ್ ಖಾಲಿ ಆಗೂ ತನಕ ಓದು. ಸೈಕಲ್ ನಿಂದೇ."

ಅವಳಿಗೆ ಸೈಕಲ್ಲಿನ ಆಸೆ ಹಳೆಯದು. ಮಕ್ಕಳ ತೊಡೆಯ ಮೇಲೆ ಮಕ್ಕಳನ್ನು ತುರುಕಿದ ಆಟೋದಲ್ಲಿ ದಿನಾ ಶಾಲೆಗೆ ಹೋಗುವುದು ಅವಳಿಗೆ ಬೇಸರವಾಗಿತ್ತು. ಆ ವಾರವೇ ಕಮಲಾಪುರಕ್ಕೆ ಹೋದಳು.

ನಾನು ಶನಿವಾರ ಕಚೇರಿ ಮುಗಿಸಿ ಬಸ್ ಹಿಡಿದು ಹೋಗುತ್ತಿದ್ದೆ. ಮೊದಲ ಸಲ ಹೋದಾಗ ಬೇವಿನ ಮರದ ಕಟ್ಟೆಯ ಮೇಲೆ ಇಬ್ಬರೂ ಕೂತಿದ್ದರು. ಇಂಗ್ಲಿಷ್ ಮಾಧ್ಯಮದ ಹುಡುಗಿ. ಒತ್ತಕ್ಷರ ಬಂದಲ್ಲೆಲ್ಲ ಕಲ್ಲಿಗೆ ಎಡವಿದ ಹಾಗೆ ನಿಲ್ಲುತ್ತಿದ್ದಳು. ಮಾವ ಕಣ್ಣು ಮುಚ್ಚಿಕೊಂಡೇ ತಿದ್ದುತ್ತಿದ್ದರು. ಒಂದು ಪುಸ್ತಕ ಮುಗಿದರೆ ಬಸ್ ನಿಲ್ದಾಣದ ಕುಲ್ಫಿ, ಇನ್ನೊಂದು ಮುಗಿದರೆ ಗಾಜಿನ ಬಳೆ. ಸಣ್ಣ ಇನಾಮುಗಳನ್ನು ಅವರು ತಪ್ಪದೆ ಕೊಡುತ್ತಿದ್ದರು. ಇತಿಹಾಸದ ಪುಸ್ತಕದಲ್ಲಿ ತಮಗೆ ಒಪ್ಪದ ಮಾತು ಬಂದರೆ "ಸುಳ್ಳ ಬರದಾನ ಮಗ, ಮುಂದ ಓದು" ಎನ್ನುವರು. ಅವಳು ಬಿದ್ದು ಬಿದ್ದು ನಗುವಳು.

ಮೇ ತಿಂಗಳಿಗೆ ಅವಳ ಓದು ಬೇರೆಯೇ ಆಗಿತ್ತು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದೆ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿದ್ದಳು. ಕಾದಂಬರಿಯ ಕಳ್ಳನಿಗೆ ಒಂದು ದನಿ, ಪೊಲೀಸನಿಗೆ ಇನ್ನೊಂದು ದನಿ. ಒಂದು ಭಾನುವಾರ ಹೋಳಿಗೆ ತಿನ್ನುತ್ತಾ ನನ್ನ ಕಿವಿಯಲ್ಲಿ ಗುಟ್ಟಾಗಿ ಹೇಳಿದಳು: "ಮುತ್ಯಾ ನಿದ್ದಿ ಹೋಗಿದ್ದ ಮಮ್ಮಿ. ಆದ್ರೂ ನಾ ಓದಾಕತ್ತಿದ್ದೆ. ಮುಂದ ಏನಾತು ನೋಡ್ಬೇಕಿತ್ತು."

ನನಗೆ ಅಷ್ಟು ಸಾಕಾಗಿತ್ತು. ಸೈಕಲ್ ಇನ್ನು ನೆಪ ಮಾತ್ರ ಎಂದುಕೊಂಡು ಆ ಸಂಜೆ ಬಸ್ಸಿನಲ್ಲಿ ಒಬ್ಬಳೇ ನಕ್ಕಿದ್ದೆ.

ಸೈಕಲ್ಲೂ ಬಂತು. ಭಾವ ಗೊಬ್ಬರ ತರುವ ಟೆಂಪೋದಲ್ಲೇ ಕಲಬುರಗಿಯಿಂದ ಹಾಕಿಸಿಕೊಂಡು ಬಂದರು. ನೀಲಿ ಬಣ್ಣದ್ದು, ಸೀಟಿಗೆ ಸುತ್ತಿದ ಪ್ಲಾಸ್ಟಿಕ್ ಹಾಗೇ ಇತ್ತು. ಪಡಸಾಲೆಯ ಮೂಲೆಯಲ್ಲಿ ನಿಲ್ಲಿಸಿದರು. ಕೊನೆಯ ಪುಸ್ತಕ ಮುಗಿಯುವವರೆಗೆ ಮುಟ್ಟುವಂತಿಲ್ಲ ಎಂದು ಮಾವ ನಗುತ್ತಾ ಕಟ್ಟಪ್ಪಣೆ ಮಾಡಿದರು. ಅವಳು ದಿನಾ ಅದರ ಎದುರಿಗೇ ಕೂತು ಓದುತ್ತಿದ್ದಳು.

ಕೊನೆಯ ಪುಸ್ತಕ ಅರ್ಧಕ್ಕೆ ಬಂದಾಗ ಮಗಳು ಮೈನೆರೆದಳು. ಅತ್ತೆ ಕಚೇರಿಗೇ ಫೋನ್ ಮಾಡಿ, "ಕೂಸು ದೊಡ್ಡಾಕಿ ಆಗ್ಯಾಳ, ಜಲ್ದಿ ಬಾ" ಎಂದರು. ನಾನು ರಜೆ ಬರೆದುಕೊಟ್ಟು, ಫ್ಯಾಕ್ಟರಿಯಿಂದ ಗಂಡನನ್ನು ಕರೆಸಿಕೊಂಡು ಹೋದೆ. ಹುಡುಗಿ ಹೆದರಿರಬಹುದು ಎಂದುಕೊಂಡಿದ್ದೆ. ಹೆದರಿರಲಿಲ್ಲ. ಶಾಲೆಯಲ್ಲಿ ಟೀಚರ್ ಹೇಳಿಕೊಟ್ಟಿದ್ದರಂತೆ. ಅವಳಿಗಿದ್ದ ಚಿಂತೆ ಒಂದೇ: ಪುಸ್ತಕ ಮುಗಿಸಬೇಕು.

ಮಾವ ಓದಬೇಡ ಅನ್ನಲಿಲ್ಲ. ನಮ್ಮ ಮಂದಿಯಲ್ಲಿ ಸೂತಕವಿಲ್ಲ, ಶರಣರು ಅದನ್ನೆಲ್ಲ ಎಂದೋ ತೊಳೆದು ಹಾಕಿದ್ದಾರೆ ಎಂದು ಜೀವಮಾನವೆಲ್ಲ ಭಾಷಣ ಮಾಡಿದವರು ಅವರು. ಎರಡು ದಿನ ಅವಳು ಪಡಸಾಲೆಯಲ್ಲೇ ಕೂತು ಓದಿದಳು. ಅವರು ಗೋಡೆಗೊರಗಿ ಕೇಳಿದರು. ಕಡೆಯ ಸಾಲು ಮುಗಿಸಿ ಪುಸ್ತಕ ಮುಚ್ಚಿದಾಗ ಮನೆಯವರೆಲ್ಲ ಅಲ್ಲೇ ಚಹಾ ಕುಡಿಯುತ್ತಿದ್ದೆವು.

"ಮುತ್ಯಾ, ಮುಗೀತು. ಸೈಕಲ್ ಅಂಗಳಕ್ಕ ಇಳಸ್ಲೇನು?"

ಮಾವನ ಬದಲು ಭಾವ ಚಹಾದ ಬಸಿ ಕೆಳಗಿಟ್ಟು ಹೇಳಿದರು: "ಇನ್ನ ಸೈಕಲ್ ಯಾಕ ಯವ್ವಾ ನಿನಗ? ದೊಡ್ಡಾಕಿ ಆಗಿದಿ. ಸೈಕಲ್ ಮ್ಯಾಲ ತಿರಗ್ಯಾಡಿದ್ರ ಮಂದಿ ನಗ್ತಾರ."

"ನಾ ಇಲ್ಲಿ ತಿರಗ್ಯಾಡಂಗಿಲ್ಲ ದೊಡ್ಡಪ್ಪ. ಕಲಬುರಗಿಗಿ ಒಯ್ತೀನಿ."

"ಅಲ್ಲೂ ಮಂದಿ ಅದಾರ."

ಅವಳು ದೊಡ್ಡಪ್ಪನನ್ನು ಬಿಟ್ಟು ಅಜ್ಜನ ಕಡೆ ತಿರುಗಿದಳು. "ಓದಿದ್ದು ನಾ. ಕೊಡ್ತೀನಂದಿದ್ದು ನೀ."

ಮಾವ ಅವಳಿದ್ದ ಕಡೆಗಲ್ಲ, ಬಾಗಿಲ ಬೆಳಕಿನ ಕಡೆಗೆ ಮುಖ ಮಾಡಿದರು. "ದೊಡ್ಡಪ್ಪ ಹೇಳೂದು ಖರೇ ಅದ ಯವ್ವಾ. ನಿನಗ ಬಂಗಾರದ ಝುಮಕಿ ಮಾಡಸ್ತೀನಿ. ಸೈಕಲ್‌ಕಿಂತ ಅದು ದೊಡ್ಡ ಇನಾಮು."

ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಮಾವನೆದುರು ನಾನು ದನಿಯೆತ್ತಿದವಳಲ್ಲ. ಆ ದಿನ ಎತ್ತಿದೆ. "ಮಾವಾರ, ನಮ್ಮ ಮಂದ್ಯಾಗ ಸೂತಕ ಇಲ್ಲಂತ ನೀವೇ ಹೇಳ್ತಿದ್ರಿ. ಹೋದ ವಾರ ಬೇಕಾಗಿದ್ದ ಸೈಕಲ್ ಈ ವಾರ ಯಾಕ ಬ್ಯಾಡಾತ್ರಿ?"

"ಇದು ಸೂತಕದ ಮಾತಲ್ಲವ್ವಾ, ಲೋಕದ ಮಾತು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ತಮ್ಮ ಕಾಲದ ಕಚೇರಿಯಲ್ಲಿ ಅರ್ಜಿ ವಾಪಸು ಕೊಡುವಾಗ ಹೀಗೇ ಮಾತಾಡುತ್ತಿದ್ದರೇನೋ.

ನಾನು ಗಂಡನ ಮುಖ ನೋಡಿದೆ. ಅವನು ಚಹಾದ ಬಸಿ ನೋಡುತ್ತಿದ್ದ.

ಆರತಿಯ ದಿನ ಮಹಾಗಾಂವದಿಂದ ಅತ್ತೆಯ ತವರಿನವರೆಲ್ಲ ಬಂದರು. ಮಗಳಿಗೆ ರೇಷ್ಮೆ ಸೀರೆ ಉಡಿಸಿ, ಮಲ್ಲಿಗೆ ಮುಡಿಸಿ, ಮಣೆಯ ಮೇಲೆ ಕೂರಿಸಿದರು. ಹೆಂಗಸರು ಅರಿಸಿನ ಹಚ್ಚಿ ಹಾಡು ಹೇಳುತ್ತಿದ್ದಾಗ ಹೊರಗೆ ಸೈಕಲ್ಲಿನ ಗಂಟೆ ಕೇಳಿಸಿತು. ಕಿಟಕಿಯಿಂದ ನೋಡಿದರೆ ಭಾವನ ಮಗ ನೀಲಿ ಸೈಕಲ್ ಹತ್ತಿ ಓಣಿಯಲ್ಲಿ ಸುತ್ತು ಹೊಡೆಯುತ್ತಿದ್ದ. ಸೀಟಿನ ಪ್ಲಾಸ್ಟಿಕ್ ಕಿತ್ತಿದ್ದರು.

ಅತ್ತೆಯನ್ನು ಅಡುಗೆಮನೆಗೆ ಕರೆದು ಕೇಳಿದೆ. "ಸುಮ್ಮ ನಿಂತ್ರ ಜಂಗ್ ಹಿಡೀತದಂತ ಕೊಟ್ಟಾರ. ಕೂಸಿನ ಕೈಯಾಗ ಹುಡುಗ್ರ ಸೈಕಲ್ ಛಂದ ಕಾಣ್ತದೇನು?" ಎಂದು ಅವರು ಪಾಯಸಕ್ಕೆ ಬೆಲ್ಲ ಹಾಕಿದರು. ಅದು ಹುಡುಗಿಯರ ಸೈಕಲ್ ಆಗಿತ್ತು, ಮುಂದೆ ಬುಟ್ಟಿಯಿತ್ತು. ಆ ಬುಟ್ಟಿಯನ್ನು ಸಂಜೆ ಭಾವ ಸ್ಪ್ಯಾನರ್ ತಂದು ಬಿಚ್ಚಿದರು.

ಮಾವ ಮಾತಿನ ಪ್ರಕಾರ ಝುಮಕಿ ತರಿಸಿದ್ದರು. ತಾವೇ ತಡವರಿಸಿ ಅವಳ ಕೈಗಿಟ್ಟರು. ಅವಳು ತಿರುಗಿಸಿ ನೋಡಿ ಕೇಳಿದಳು: "ಇವು ದೊಡ್ಡಾಕಿ ಆಗಿದ್ದಕ್ಕ ಹೌದಲ್ಲ, ಮುತ್ಯಾ? ಓದಿದ್ದಕ್ಕ ಏನು?"

ಹಾಡು ಹೇಳುತ್ತಿದ್ದವರು ನಕ್ಕರು. ಕೂಸು ಭಾಳ ಚೂಟಿ ಅದ ಎಂದರು. ಮಾವ "ಎರಡಕ್ಕೂ ಇದೇ" ಎಂದು ಹೇಳಿ ಎದ್ದು ಹೋದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಗೆ ಹಣೆಯಿಟ್ಟು ಕೂತಿದ್ದಳು. ಮಹಾಗಾಂವ ಕ್ರಾಸ್ ದಾಟಿದ ಮೇಲೆ ಮಾತಾಡಿದಳು. "ಮಮ್ಮಿ, ನಾ ಓದಿದ್ರೂ ಅವನಿಗೇ ಕೊಟ್ರು. ಓದಿರ್ಲಿಲ್ಲಂದ್ರೂ ಅವನಿಗೇ ಕೊಡ್ತಿದ್ರು. ಮತ್ತ ನನಗ ಯಾಕ ಓದಿಸಿದ್ರು?"

"ನಾ ಕೊಡಸ್ತೀನಿ ಬಾ, ಅದಕ್ಕಿಂತ ಛಲೋದು."

"ನಿನಗ ನಾ ಕೇಳಿಲ್ಲಲ್ಲ."

ಜೂನ್‌ನಲ್ಲಿ ಕೊಡಿಸಿದೆ. ಬೇಡವೆನ್ನಲಿಲ್ಲ, ಶಾಲೆಗೆ ಅದರ ಮೇಲೇ ಹೋಗುತ್ತಾಳೆ. ಅಜ್ಜನ ಬಗ್ಗೆ ಒಂದು ಮಾತೂ ಆಡಲಿಲ್ಲ. ಗ್ರಂಥಾಲಯದಿಂದ ಅವಳಿಗಿಷ್ಟವಾದ ಪತ್ತೇದಾರಿ ಕಾದಂಬರಿಗಳನ್ನು ತಂದು ಮೇಜಿನ ಮೇಲಿಟ್ಟೆ. ಅವನ್ನು ಅತ್ತ ಸರಿಸಿ ಹೋಂವರ್ಕ್ ಮಾಡಿಕೊಳ್ಳುತ್ತಿದ್ದಳು. ಕಾದಂಬರಿಯೊಂದನ್ನು ನಾನೇ ಜೋರಾಗಿ ಓದಲು ಕೂತೆ. ಕಳ್ಳ ಸಿಕ್ಕಿಬೀಳುವ ಮೊದಲೇ ಎದ್ದು ಹಲ್ಲುಜ್ಜಲು ಹೋದಳು. ಮುಂದೆ ಏನಾಯಿತೆಂದು ಕೇಳಲಿಲ್ಲ. ಪಾಲಕರ ಸಭೆಯಲ್ಲಿ ಅವಳ ಕನ್ನಡ ಟೀಚರ್ ನನ್ನನ್ನು ನಿಲ್ಲಿಸಿ, "ಕ್ಲಾಸಿನ್ಯಾಗ ಇಕಿ ಪಾಠ ಓದಿದ್ರ ಕೇಳ್ಕೋತ ಇರ್ಬೇಕನಸ್ತದ್ರಿ. ಎಲ್ಲಿ ಕಲಿಸಿದ್ರಿ?" ಎಂದರು. ಊರಲ್ಲಿ ಎಂದೆ.

ಈ ಬೇಸಿಗೆಯ ಆರಂಭದಲ್ಲಿ ಮಾವನ ಫೋನ್ ಬಂತು. ಹೊಸ ಪುಸ್ತಕ ತರಿಸಿದ್ದೇನೆ, ಮೊಮ್ಮಗಳಿಗೆ ಫೋನ್ ಕೊಡು ಎಂದರು. ಸ್ಪೀಕರ್ ಹಾಕಿ ಅವಳ ಮುಂದೆ ಹಿಡಿದೆ.

"ಬಾ ಯವ್ವಾ. ನಿನ್ನಂಗ ಓದೋರು ಇಲ್ಲಿ ಯಾರೂ ಇಲ್ಲ. ಈ ಸಲ ಏನು ಬೇಕು ಕೇಳು, ಕೊಡ್ತೀನಿ."

"ಮೊದಲ ಕೊಡ್ರಿ. ಕೈಗಿ ಬಂದ ಮ್ಯಾಲ ಬರ್ತೀನ್ರಿ."

ಅಜ್ಜನಿಗೆ ಅವಳು ಎಂದೂ 'ರೀ' ಹಚ್ಚಿ ಮಾತಾಡಿದವಳಲ್ಲ. ನಮ್ಮಲ್ಲಿ ಮುತ್ಯಾನಿಗೆ ಯಾವ ಮಕ್ಕಳೂ ಹಚ್ಚುವುದಿಲ್ಲ. ಅಂಗಡಿಯವನ ಹತ್ತಿರ ಮಾತಾಡಿದಷ್ಟೇ ಮರ್ಯಾದೆಯಿಂದ ಹೇಳಿ ಅವಳು ಒಳಗೆ ಹೋದಳು. ನಾನು ಅಲ್ಲೇ ನಿಂತೆ.

"ಇಂಥಾ ಮಾತು ಯಾರು ಕಲಿಸ್ಯಾರ ಕೂಸಿಗಿ?" ಎಂದರು ಮಾವ.

"ನೀವೇ ಕಲಿಸೀರಿ, ಮಾವಾರ."

ಅವರು ಅಲ್ಲಿ ಬಿಸಿಲು ಹೇಗಿದೆ ಎಂದು ಕೇಳಿದರು. ಜೋರಾಗಿದೆ ಎಂದೆ. ಫೋನ್ ಇಟ್ಟರು.

ಅವಳು ಕಮಲಾಪುರಕ್ಕೆ ಹೋಗಲಿಲ್ಲ. ಹೋಗು ಎಂದು ನಾನೂ ಹೇಳಲಿಲ್ಲ. ಆ ಫೋನ್ ಬಂದ ರಾತ್ರಿ ಪಾಳಿ ಮುಗಿಸಿ ಬಂದ ಗಂಡನಿಗೆ ಅಷ್ಟರಲ್ಲಾಗಲೇ ಊರಿಂದ ಸುದ್ದಿ ಮುಟ್ಟಿತ್ತು. ಚಪ್ಪಲಿ ಬಿಡುತ್ತಲೇ, "ಅಪ್ಪಗ ನೀ ಹಂಗ ಅನಬಾರದಿತ್ತು" ಎಂದ. ಮಗಳ ಪರವಾಗಿ ಬಾಯಿಬಿಡಬೇಕಾದ ದಿನ ಬಸಿ ನೋಡುತ್ತಾ ಕೂತವನಿಗೆ ಈಗ ಮಾತು ಬಂದಿತ್ತು. ನಾನು ಅವನ ತಟ್ಟೆಗೆ ರೊಟ್ಟಿ ಹಾಕಿದೆ.