ಗೇಟಿನ ಎಡಗಡೆ

ನಾಯಿಗಳಿಗೆ ಪಾಠ ಹೇಳುವ ಮೇಷ್ಟ್ರು ಮರಿ ಹಿಡಿದು ಬಂದವರನ್ನು ಮೊದಲ ದಿನವೇ ಗದರುತ್ತಾರೆ. "'ಕೂರು' ಅನ್ನೋಕೆ ಯಾವ ದಡ್ಡನಿಗೂ ಬರುತ್ತೆ. ಆಮೇಲೆ 'ಹೋಗು' ಅನ್ನೋದನ್ನ ಮರೀಬೇಡಿ. ಆ ಮಾತು ಕೇಳೋವರೆಗೂ ಅದು ಏಳಲ್ಲ."

ಊರಿಗೆಲ್ಲ ಬುದ್ಧಿ ಹೇಳುವವರು ಒಮ್ಮೆ ತಾವೇ ಮರೆತಿದ್ದರು. ಹನ್ನೊಂದು ವರ್ಷದ ಹಿಂದೆ, ತಮ್ಮ ನಾಯಿ ಕರಿಯನನ್ನು ಗೇಟಿನ ಎಡಗಡೆ ಕೂರಿಸಿ, ಫೋನು ಬಂತೆಂದು ಒಳಗೆ ಹೋದರು. ಅಷ್ಟರಲ್ಲಿ ಮರಳಿನ ಲಾರಿಯೊಂದು ಹಿಮ್ಮುಖವಾಗಿ ಬಂತು. ಕರಿಯ ಲಾರಿಯನ್ನು ನೋಡಿತು, ಮನೆಯ ಬಾಗಿಲನ್ನು ನೋಡಿತು, ಕೂತೇ ಇತ್ತು. ಕಿಟಕಿಯಿಂದ ಕಂಡ ಮೇಷ್ಟ್ರ ಬಾಯಿಂದ ಆ ಒಂದು ಮಾತು ಹೊರಡಲೇ ಇಲ್ಲ.

ಈಗಲೂ ಪಾಠಕ್ಕೆ ಬರುವ ಮರಿಗಳು ಆ ಜಾಗವನ್ನು ತುಳಿಯುವುದಿಲ್ಲ. ಅಲ್ಲಿ ಯಾರೋ ಕೂತಿದ್ದಾರೆ ಎಂಬಂತೆ ಸುತ್ತಿ ಬಳಸಿ ಒಳಗೆ ಬರುತ್ತವೆ. ಮೇಷ್ಟ್ರು ಅತ್ತ ನೋಡದೆಯೇ ಗೇಟು ಹಾಕುತ್ತಾರೆ.

"ಒಂದ್ಸಲ ಅಲ್ಲಿ ನಿಂತು 'ಹೋಗು' ಅಂದ್ಬಿಡಿ," ಅಂದಳು ಹೆಂಡತಿ. "ಪಾಪ, ಎಷ್ಟು ದಿನ ಅಂತ ಕಾಯುತ್ತೆ?"

ಮೇಷ್ಟ್ರು ಕೈಯಲ್ಲಿದ್ದ ಹಗ್ಗ ಸುತ್ತುತ್ತಲೇ ಇದ್ದರು.

"ಅಂದ್ರೆ ಹೋಗೇಬಿಡುತ್ತೆ ಕಣೇ. ಅದು ಯಾವತ್ತೂ ನನ್ನ ಮಾತು ಮೀರಿದ್ದಿಲ್ಲ."