ಒಪ್ಪಬೇಡಿ ಎಂದ ಗಿರಾಕಿ

ಹೊನ್ನಾವರದ ನನ್ನ ಎಸ್‌ಟಿಡಿ ಬೂತಿಗೆ ಒಮ್ಮೆ ವಿದೇಶದ ಹೆಂಗಸೊಬ್ಬರು ಬಂದರು. ಯೆಹೂದಿಗಳ ಉದಾರವಾದಿ ಪಂಗಡವೊಂದರ ಗುರುವಂತೆ. ಗುರುವಾದ ಮೇಲೂ ಓದು ಬಿಡಬಾರದೆಂದು ತಮ್ಮ ದೇಶದಲ್ಲಿದ್ದ ಗೆಳತಿಯ ಜೊತೆ ಫೋನಿನಲ್ಲೇ ಶಾಸ್ತ್ರ ಓದುತ್ತಿದ್ದರು. ಅಂದು ಲೈನ್ ಸಿಗಲಿಲ್ಲ.

"ಈ ಓದಿಗೆ ಇಬ್ಬರು ಬೇಕು, ನೀವೇ ಕೂತ್ಕೊಳ್ಳಿ" ಎಂದರು. "ಪಕ್ಕದವರ ಮರದ ಕಾಯಿ ನಿಮ್ಮ ಅಂಗಳಕ್ಕೆ ಬಿದ್ದರೆ ಯಾರದ್ದು?"

"ಮರದವರದ್ದು."

"ಅದು ನಿಮ್ಮ ಹೆಂಚು ಒಡೆದಿದ್ದರೆ?"

"ಹಾಗಾದ್ರೆ ನಮ್ಮದು. ನೀವು ಹೇಳಿದ್ದೇ ಸರಿ, ಮೇಡಂ."

ಅವರ ಮುಖ ಬಾಡಿತು. "ಒಪ್ಪಬೇಡಿ. ನೀವು ಒಪ್ಪಿದರೆ ನನ್ನ ಪಾಠ ಅಲ್ಲೇ ನಿಲ್ಲುತ್ತದೆ."

ಗಿರಾಕಿಯ ಹತ್ತಿರ ಎಂತ ಅಂತ ವಾದ ಮಾಡುವುದು? ತಡವರಿಸಿ, "ಬೀಳಿಸಿದ್ದು ಗಾಳಿಯಲ್ವಾ?" ಎಂದೆ. ಅವರು ಹಿಗ್ಗಿ ವಾದಕ್ಕಿಳಿದರು. ಆಮೇಲೆ ನಾನೂ ಬಿಡಲಿಲ್ಲ.

ಗೆದ್ದದ್ದು ಯಾರೆಂದು ಕೇಳಿದರೆ, "ಯಾರೂ ಇಲ್ಲ, ಪಾಠ ಚೆನ್ನಾಗಿ ಆಯಿತು" ಎಂದು ಕೈಮುಗಿದು ಹೋದರು. ಯಾರೂ ಗೆಲ್ಲದೆ ಇಬ್ಬರೂ ಖುಷಿಯಲ್ಲಿ ಎದ್ದ ವಾದವನ್ನು ನಮ್ಮ ತಾಲೂಕು ಕೋರ್ಟಿನಲ್ಲೂ ಕಂಡವರಿಲ್ಲ.