ಅರಕಲಗೂಡಿನ ಆಟೋ ಸ್ಟ್ಯಾಂಡಿನ ಬೆಂಚು

ತಮ್ಮ ತೀರಿಕೊಂಡ ಮೇಲೆ ಮೊದಲ ಸಲ ಅರಕಲಗೂಡಿನಲ್ಲಿ ಬಸ್ಸಿಳಿದೆ. ಅವನ ಹೆಂಡತಿಯನ್ನು ನೋಡಿ ಬರಬೇಕಿತ್ತು. ಆದರೆ ಅವನು ಅಧ್ಯಕ್ಷನಾಗಿದ್ದ ಆಟೋ ಚಾಲಕರ ಸಂಘದ ಸ್ಟ್ಯಾಂಡನ್ನು ದಾಟಿ ಹೋಗಲು ಕಾಲೇಳಲಿಲ್ಲ.

ಚುನಾವಣೆ ಹತ್ತಿರವಿತ್ತು. ಯಾವ ಪಕ್ಷದ ಬಾವುಟವನ್ನೂ ಆಟೋಗೆ ಕಟ್ಟಬಾರದು, ಸಂಘದ ಬೆಂಬಲ ಕೇಳುವ ಅಭ್ಯರ್ಥಿಗಳೆಲ್ಲ ಒಟ್ಟಿಗೆ ಬಂದು ಒಂದೇ ಬೆಂಚಿನಲ್ಲಿ ಕೂತು ಎಲ್ಲರೆದುರು ಉತ್ತರ ಹೇಳಬೇಕು ಎಂಬುದು ತಮ್ಮ ಮಾಡಿದ್ದ ಕಟ್ಟಳೆ. ಅವನಿಲ್ಲದ ಮೇಲೆ ಸಂಘ ಯಾವುದೋ ಪಕ್ಷದ ಪಾಲಾಗಿರುತ್ತದೆ ಎಂದುಕೊಂಡಿದ್ದೆ.

ಅಂದುಕೊಂಡಂತೆಯೇ ಒಬ್ಬ ಅಭ್ಯರ್ಥಿ ಬೆಂಬಲಿಗರೊಡನೆ ಅಲ್ಲಿ ನಿಂತಿದ್ದರು. ಅವರ ಕಡೆಯವನೊಬ್ಬ ಮುಂದಿನ ಆಟೋಗೆ ಬಾವುಟ ಸಿಕ್ಕಿಸಲು ಹೋದ.

“ಬ್ಯಾಡ ಕಣಣ್ಣ, ತಗಿ,” ಎಂದ ರಂಗಸ್ವಾಮಿ. ತಮ್ಮನ ಜೊತೆಯಲ್ಲೇ ಆಟೋ ಓಡಿಸಲು ಶುರು ಮಾಡಿದವನು.

“ನಿಮ್ಮ ಅಧ್ಯಕ್ಷರೇ ಇಲ್ವಲ್ಲಪ್ಪ, ಇನ್ಯಾರನ್ನ ಕೇಳೋದು?” ಎಂದರು ಅಭ್ಯರ್ಥಿ.

“ಅಣ್ಣ ಒಂಟೋದ್ರು ಸಾ, ಬೆಂಚು ಇಲ್ಲೇ ಐತಲ್ಲ. ಮಿಕ್ಕಿದ್ ಇಬ್ರನ್ನೂ ಕರ್ಕಂಡ್ ಬನ್ನಿ. ಸ್ಟ್ಯಾಂಡಿಗೆ ಸೂರು ಯಾವಾಗ ಆಯ್ತದೆ ಅಂತ ಮೂರು ಜನಾನೂ ಕುತ್ಕಂಡು ಯೋಳಿ.”

“ಬೆಂಚು ಸಣ್ಣದು ಸಾ, ವಸಿ ಒತ್ಕಂಡು ಕೂರ್ಬೇಕಾಯ್ತದೆ,” ಎಂದ ಇನ್ನೊಬ್ಬ ಚಾಲಕ. ಎಲ್ಲರೂ ನಕ್ಕರು.

ಅಭ್ಯರ್ಥಿಯೂ ನಕ್ಕು, “ಆಯ್ತು, ಅವರಿಗೂ ಹೇಳ್ಕಳ್ಸಿ, ಬರ್ತೀನಿ,” ಎಂದು ಹೊರಟರು. ಬಾವುಟವೂ ಹೋಯಿತು.

ನಾನು ಬೆಂಚಿನ ಕಡೆಗೆ ನಡೆದೆ. ಅಷ್ಟರಲ್ಲಿ ರಂಗಸ್ವಾಮಿ ನನ್ನನ್ನು ಕಂಡು ಓಡಿಬಂದ. “ಕುತ್ಕಳಿ ಅಕ್ಕ, ನೀರ್ ಕುಡ್ದು ಓಗೀರಂತೆ.”

ಬೆಂಚು ಬಿಸಿಲಿಗೆ ಚೆನ್ನಾಗಿ ಕಾದಿತ್ತು. ಆದರೂ ಏಳಬೇಕೆನಿಸಲಿಲ್ಲ.